ಬಂಗುಡೆ ಬಾಯಿ ತೆರೆದಾಗ

ನಮ್ಮ ಮನೆ ಕುಂದಾಪುರದ ಹತ್ತಿರ. ಕಡಲಿಗೆ ನಡೆದರೆ ಹತ್ತು ನಿಮಿಷ. ನಾನು ಚಿಕ್ಕವಳಿದ್ದಾಗ ಬೆಳಿಗ್ಗೆ ಹತ್ತೂವರೆ ಹೊತ್ತಿಗೆ ಮೀನಿನ ಅಕ್ಕ ಬುಟ್ಟಿ ಹೊತ್ತು ಬರುತ್ತಿದ್ದರು. "ಮೀನ್ ಬೇಕಾ ಅಮ್ಮಾ" ಅಂತ ಬೇಲಿಯಾಚೆಯಿಂದಲೇ ದನಿ ಕೇಳಿಸುತ್ತಿತ್ತು. ಬುಟ್ಟಿ ಅಂಗಳಕ್ಕೆ ಇಳಿಯುವಷ್ಟರಲ್ಲಿ ನಾನೂ ಬೆಕ್ಕೂ ಅಲ್ಲಿರುತ್ತಿದ್ದೆವು. ಅಮ್ಮ ಒಂದೊಂದೇ ಮೀನಿನ ಕಿವಿರು ಎತ್ತಿ ನೋಡುತ್ತಿದ್ದಳು. ಕೆಂಪಾಗಿದ್ದರೆ ತಾಜಾ. ಕಣ್ಣು ಹೊಳೆಯಬೇಕು, ಒತ್ತಿದರೆ ಮೈ ತಗ್ಗಬಾರದು. ಬಂಗುಡೆ, ಬೂತಾಯಿ, ಕಾಣೆ, ನಂಗು, ತೊರಕೆ, ಬೊಂಡಾಸ್. ಯಾವುದರ ಮುಳ್ಳು ಎಲ್ಲಿದೆ, ಯಾವುದಕ್ಕೆ ಎಷ್ಟು ಹುಳಿ, ಎಲ್ಲ ಗೊತ್ತಿತ್ತು ನನಗೆ.

ಆದರೆ ಇವುಗಳಲ್ಲಿ ಒಂದನ್ನೂ ಅದರ ಮನೆಯಲ್ಲಿ, ಅದರ ಪಾಡಿಗೆ ಅದು ಇರುವಾಗ ನಾನು ನೋಡಿರಲಿಲ್ಲ. ಮೂವತ್ತಾರು ವರ್ಷ ಮೀನು ತಿಂದವಳಿಗೆ ಒಂದು ಮೀನು ದಿನವಿಡೀ ಏನು ಮಾಡುತ್ತದೆ ಅಂತ ಗೊತ್ತಿರಲಿಲ್ಲ.

ಇದು ಮೊದಲ ಸಲ ನನ್ನ ತಲೆಗೆ ಬಂದದ್ದು ನೇತ್ರಾಣಿಯಲ್ಲಿ. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ದ್ವೀಪ. ಆಫೀಸಿನ ಗೆಳತಿಯರ ಜೊತೆ ಹೋಗಿದ್ದೆ. ಅಲ್ಲಿ ಈಜು ಬಾರದವರನ್ನೂ ಗಾಳಿಯ ಸಿಲಿಂಡರ್ ಕಟ್ಟಿ ನೀರಿಗೆ ಇಳಿಸುತ್ತಾರೆ, ಸ್ಕೂಬಾ ಡೈವಿಂಗ್ ಅಂತ. ಒಬ್ಬರು ಹಿಂದಿನಿಂದ ನಮ್ಮ ಸಿಲಿಂಡರ್ ಹಿಡಿದುಕೊಂಡೇ ಇರುತ್ತಾರೆ. ಅರ್ಧ ಗಂಟೆಯೂ ಇರಲಿಲ್ಲ. ಹೆದರಿಕೆಯಲ್ಲಿ ಅರ್ಧ ಹೊತ್ತು ಕಣ್ಣು ಮುಚ್ಚಿದ್ದೆ. ಕಣ್ಣು ಬಿಟ್ಟಾಗ ಬಂಡೆಯ ಸಂದಿಯಿಂದ ಒಂದು ಮುರು ಮೀನು ನನ್ನನ್ನೇ ನೋಡುತ್ತಿತ್ತು. ನಾನು ಎಡಕ್ಕೆ ಹೋದರೆ ಅದರ ಕಣ್ಣೂ ಎಡಕ್ಕೆ. ಬುಟ್ಟಿಯ ಮೀನಿನ ಕಣ್ಣನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಮೀನಿನ ಕಣ್ಣು ನನ್ನನ್ನು ನೋಡಿದ್ದು ಅದೇ ಮೊದಲು.

ಬೆಂಗಳೂರಿಗೆ ಬಂದ ಮೇಲೂ ಆ ಕಣ್ಣು ಹೋಗಲಿಲ್ಲ. ಸರಿಯಾಗಿ ಕಲಿಯಬೇಕು, ಯಾರೂ ಹಿಡಿದುಕೊಳ್ಳದೆ ನಾನೇ ನೀರಿನಡಿ ಇರಬೇಕು ಅನಿಸಿತು. ಎರಡು ವರ್ಷ ದುಡ್ಡು ಕೂಡಿಸಿ, ಈಜು ಕಲಿತು, ಒಂದು ಫೆಬ್ರವರಿಯಲ್ಲಿ ಅಂಡಮಾನಿಗೆ ಹೊರಟೆ. ನಾನು ಹೋದ ಹ್ಯಾವ್ಲಾಕ್ ದ್ವೀಪಕ್ಕೆ 2018ರಲ್ಲಿ ಸ್ವರಾಜ್ ದ್ವೀಪ ಅಂತ ಹೆಸರಿಟ್ಟರು. ಆದರೆ ಅಲ್ಲಿಯ ಅಂಗಡಿಯವರು, ಆಟೋದವರು ಎಲ್ಲರೂ ಇನ್ನೂ ಹ್ಯಾವ್ಲಾಕ್ ಎಂದೇ ಹೇಳುತ್ತಾರೆ. ಊರೊಳಗೆ ಅಡಿಕೆ ತೋಟ, ತೆಂಗು, ಗದ್ದೆ, ಕೆಸರು ದಾರಿ. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದು ನೆಲೆಸಿದವರ ಮನೆಗಳೇ ಜಾಸ್ತಿ. ಮಧ್ಯಾಹ್ನ ಯಾರ ಮನೆ ಮುಂದೆ ಹೋದರೂ ಮೀನು ಹುರಿಯುವ ಪರಿಮಳ. ನನಗೆ ನಮ್ಮೂರೇ ಅನಿಸಿತು.

ಕೋರ್ಸು ನಾಲ್ಕು ದಿನದ್ದು. 'ಓಪನ್ ವಾಟರ್' ಅಂತ ಕರೆಯುತ್ತಾರೆ. ಮುಗಿಸಿದರೆ ಜೊತೆಗಾರರ ಸಂಗಡ 18 ಮೀಟರ್ ಆಳದವರೆಗೆ ಇಳಿಯಬಹುದು. ಮೊದಲು ಒಂದು ಆರೋಗ್ಯದ ಫಾರಂ ತುಂಬಿಸುತ್ತಾರೆ: ಉಬ್ಬಸ ಇದೆಯಾ, ಕಿವಿ ತೊಂದರೆ ಇದೆಯಾ, ಹೃದಯದ ಕಾಯಿಲೆ ಇದೆಯಾ. ಇದನ್ನು ಸುಮ್ನೆ ಟಿಕ್ ಹಾಕಿ ಕೊಡಬಾರದು. ನಿಜ ಬರೆಯಬೇಕು. ಆಮೇಲೆ ಪಾಠ. ನೆಲದ ಮೇಲೆ ನಮ್ಮ ಮೇಲಿರುವ ಗಾಳಿಯ ಒತ್ತಡ ಎಷ್ಟೋ, ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಾಗ ಮತ್ತೆ ಅಷ್ಟೇ ಸೇರುತ್ತದೆ. 10 ಮೀಟರ್ ಆಳದಲ್ಲಿ ಎರಡರಷ್ಟು. ಅಲ್ಲಿ ಎಳೆದ ಒಂದು ಉಸಿರು ಮೇಲೆ ಬರುವಷ್ಟರಲ್ಲಿ ಹಿಗ್ಗಿ ಎರಡರಷ್ಟಾಗುತ್ತದೆ. ಅದಕ್ಕೇ ಮೊದಲ ನಿಯಮ: ಉಸಿರು ಹಿಡಿಯಬೇಡಿ. ಏನೇ ಆಗಲಿ, ಉಸಿರಾಡುತ್ತಲೇ ಇರಿ. ಹಿಡಿದುಕೊಂಡು ಮೇಲೆ ಬಂದರೆ ಶ್ವಾಸಕೋಶ ಹರಿಯಬಹುದು.

ನನಗೆ ಕಲಿಸಿದ ಹುಡುಗನಿಗೆ ಇಪ್ಪತ್ತೆಂಟೋ ಮೂವತ್ತೋ ವಯಸ್ಸು. ಮಧ್ಯ ಅಂಡಮಾನಿನ ಕರೆನ್ ಸಮುದಾಯದವನು. ಅವನ ಹಿರಿಯರನ್ನು 1925ರಲ್ಲಿ ಬ್ರಿಟಿಷರು ಬರ್ಮಾದಿಂದ ಕರೆತಂದು ಅಲ್ಲಿ ನೆಲೆಗೊಳಿಸಿದ್ದರಂತೆ. ನನ್ನನ್ನು 'ದೀದಿ' ಅನ್ನುತ್ತಿದ್ದ. ಮಾತು ಕಡಿಮೆ. ನೀರಿಗೆ ಇಳಿದ ಮೇಲೆ ಕೈಯಲ್ಲೇ ಮಾತು. ಬೆರಳು ಸುತ್ತಿ ಹಿಡಿದರೆ 'ಎಲ್ಲ ಸರಿ'. ಹೆಬ್ಬೆರಳು ಮೇಲೆತ್ತಿದರೆ ಶಭಾಶ್ ಅಂತಲ್ಲ, 'ಮೇಲೆ ಹೋಗೋಣ' ಅಂತ. ಇದು ಕೈಗೆ ರೂಢಿಯಾಗಲು ಎರಡು ದಿನ ಬೇಕಾಯಿತು.

ಮೊದಲ ದಿನ ನೀಮೋ ರೀಫ್ ಎಂಬಲ್ಲಿ. ದೋಣಿ ಬೇಡ, ದಡದಿಂದಲೇ ನಡೆದು ಇಳಿಯಬಹುದು. ಎದೆಮಟ್ಟದ ನೀರಿನಿಂದ ತುಸು ಮುಂದೆ, ಮರಳಿನ ಮೇಲೆ ಮಂಡಿಯೂರಿ ಕೂತೆವು. ಮಾಸ್ಕಿನೊಳಗೆ ನೀರು ಬಿಟ್ಟುಕೊಂಡು, ಮೇಲಂಚು ಒತ್ತಿ, ಮೂಗಿನಿಂದ ಉಸಿರು ಬಿಟ್ಟು ಆ ನೀರನ್ನು ಹೊರಗೆ ಹಾಕಬೇಕು. ಕೇಳಲು ಸುಲಭ. ನಾನು ಮೂಗಿನಿಂದ ಉಸಿರು ಎಳೆದುಬಿಟ್ಟೆ. ಉಪ್ಪುನೀರು ನೆತ್ತಿಗೆ ಏರಿತು. ಕಣ್ಣು ಕಾಣಲಿಲ್ಲ, ಎದೆ ಬಡಿಯಿತು, ಎರಡೂ ಕಾಲು ಒದ್ದು ಎದ್ದು ನಿಂತೆ. ಉಸಿರಾಡಲು ಬಾಯಲ್ಲಿ ಕಚ್ಚಿಕೊಳ್ಳುವ ರೆಗ್ಯುಲೇಟರನ್ನೇ ಕಿತ್ತು ಹಾಕಿದ್ದೆ.

ಅವನು ಬೈಯಲಿಲ್ಲ. ಸೊಂಟಮಟ್ಟದ ನೀರಿಗೆ ವಾಪಸ್ ಕರೆದುಕೊಂಡು ಬಂದ. ಮಾಸ್ಕ್ ಬಿಚ್ಚಿಸಿದ. "ದೀದಿ, ಮುಖ ನೀರಿನಲ್ಲಿಡಿ, ಬಾಯಲ್ಲಿ ಉಸಿರಾಡಿ. ಬೇರೇನೂ ಬೇಡ. ಹತ್ತು ನಿಮಿಷ." ಅಷ್ಟೇ. ಮೊದಲ ಎರಡು ನಿಮಿಷ ಜೀವ ಹೋದ ಹಾಗಿತ್ತು. ಐದನೇ ನಿಮಿಷಕ್ಕೆ ಮೂಗು ತನ್ನಷ್ಟಕ್ಕೆ ಮುಚ್ಚಿಕೊಳ್ಳಲು ಕಲಿಯಿತು. ಹತ್ತನೇ ನಿಮಿಷಕ್ಕೆ ನನ್ನದೇ ಉಸಿರಿನ ಸದ್ದು ಕೇಳಿಸತೊಡಗಿತು. ಎಳೆಯುವಾಗ ಸುಯ್ಯ್, ಬಿಡುವಾಗ ಗುಳುಗುಳು. ಮತ್ತೆ ಮರಳಿಗೆ ಇಳಿದು ಮಾಸ್ಕಿನ ನೀರು ಮೂರು ಸಲ ಖಾಲಿ ಮಾಡಿದೆ. ಹೊಸಬರು ಯಾರಾದರೂ ನನ್ನನ್ನು ಕೇಳಿದರೆ ಈ ಹತ್ತು ನಿಮಿಷವನ್ನೇ ಮೊದಲು ಹೇಳುತ್ತೇನೆ. ಮನೆಯಲ್ಲಿ ಬಕೆಟ್ಟಿನಲ್ಲೂ ಮಾಡಬಹುದು, ಬಾಯಲ್ಲಿಟ್ಟು ಉಸಿರಾಡುವ ಕೊಳವೆ, ಒಂದು ಸ್ನಾರ್ಕೆಲ್ ಇದ್ದರೆ ಸಾಕು.

ಎರಡನೇ ದಿನ ಕಿವಿ. ಮೂರು ಮೀಟರ್ ಇಳಿದಾಗಲೇ ಎಡಗಿವಿಯಲ್ಲಿ ಸೂಜಿ ಚುಚ್ಚಿದಂತಾಯಿತು. ಮೂಗು ಹಿಡಿದು ಮೆಲ್ಲಗೆ ಗಾಳಿ ಒತ್ತಿದರೆ ಕಿವಿ ಟಕ್ ಎಂದು ತೆರೆಯಬೇಕು. ಬಲಗಿವಿ ತೆರೆಯಿತು, ಎಡಗಿವಿ ಇಲ್ಲ. ನೋವು ತಡೆದುಕೊಂಡು ಇಳಿಯುವುದು ದೊಡ್ಡ ತಪ್ಪು, ಕಿವಿಯ ತಮಟೆ ಹರಿಯುತ್ತದೆ. ಒಂದು ಮೀಟರ್ ಮೇಲೆ ಹೋಗಿ, ತಲೆ ವಾಲಿಸಿ, ಎಂಜಲು ನುಂಗಿ, ಮತ್ತೆ ಪ್ರಯತ್ನಿಸಬೇಕು. ಹೀಗೆ ಆರೇಳು ಸಲ. ಅವನು ನನ್ನ ಮುಂದೆಯೇ ನಿಂತಿದ್ದ, ಅವಸರ ಇಲ್ಲ ಅಂತ ಕೈ ತೋರಿಸುತ್ತಾ. ಕೊನೆಗೊಮ್ಮೆ ತೆರೆಯಿತು.

ನೀರಿನಡಿ ಎಲ್ಲಕ್ಕಿಂತ ಕಷ್ಟದ್ದು ತೇಲುವುದೂ ಅಲ್ಲ, ಮುಳುಗುವುದೂ ಅಲ್ಲ. ನಡುವೆ ನಿಲ್ಲುವುದು. ಸೊಂಟಕ್ಕೆ ಸೀಸದ ತೂಕ, ಮೈಗೆ ಗಾಳಿ ತುಂಬುವ ಜಾಕೆಟ್ಟು. ಇವೆರಡನ್ನೂ ಸರಿಮಾಡಿಕೊಂಡ ಮೇಲೆ ಉಳಿದದ್ದೆಲ್ಲ ಉಸಿರಿನದ್ದೇ ಕೆಲಸ. ಉಸಿರು ಎಳೆದರೆ ಏರುತ್ತೀರಿ, ಬಿಟ್ಟರೆ ಇಳಿಯುತ್ತೀರಿ. ಆದರೆ ಎಳೆದ ಕೂಡಲೇ ಅಲ್ಲ, ಒಂದೆರಡು ಕ್ಷಣ ತಡವಾಗಿ. ಆ ತಡ ನನಗೆ ಅರ್ಥವಾಗುವ ಮೊದಲು ಒಂದು ತಪ್ಪು ನಡೆದುಹೋಯಿತು. ಹವಳದ ಮೇಲೆ ಬೀಳುತ್ತೇನೆ ಅಂತ ಗಾಬರಿಯಾಗಿ ಕಾಲು ಬಡಿದೆ. ಈಜಲು ಕಾಲಿಗೆ ಹಾಕಿದ ಫಿನ್ನಿನ ತುದಿ ಕವಲು ಕವಲಾದ ಒಂದು ಹವಳಕ್ಕೆ ತಗುಲಿತು. ಚಟ್ ಅಂತ ಒಂದು ಟೊಂಗೆ ಮುರಿಯಿತು. ನನ್ನ ಕಿರುಬೆರಳಿಗಿಂತ ಸ್ವಲ್ಪ ಉದ್ದ.

ದಡಕ್ಕೆ ಬಂದ ಮೇಲೆ ಅವನು ಹೇಳಿದ: ಆ ಜಾತಿಯ ಹವಳ ಬೇಗ ಬೆಳೆಯುತ್ತದೆ, ವರ್ಷಕ್ಕೆ ಹತ್ತು ಸೆಂಟಿಮೀಟರ್‌ವರೆಗೂ ಬೆಳೆಯಬಹುದು. ಆದರೆ ಪಕ್ಕದಲ್ಲಿ ಬಂಡೆಯ ಹಾಗೆ ಗುಂಡಗಿತ್ತಲ್ಲ, ಅದು ಬೆಳೆಯುವುದು ವರ್ಷಕ್ಕೆ ಸುಮಾರು ಒಂದೇ ಸೆಂಟಿಮೀಟರ್. ಆ ಗುಂಡು ಹವಳ ನನ್ನ ಎತ್ತರವೇ ಇತ್ತು. ಲೆಕ್ಕ ಹಾಕಿದೆ. ನಮ್ಮ ಅಜ್ಜಿಯ ಅಜ್ಜಿ ಹುಟ್ಟುವ ಹೊತ್ತಿಗೆ ಅದು ಅಲ್ಲಿ ಬೆಳೆಯಲು ಶುರುಮಾಡಿರಬೇಕು. ಹವಳ ಕಲ್ಲಲ್ಲ, ಜೀವ. ಕಡಲೆಕಾಳಿಗಿಂತ ಚಿಕ್ಕ ಸಾವಿರಾರು ಜೀವಗಳು ಸುಣ್ಣದ ಮನೆ ಕಟ್ಟಿಕೊಂಡು ಒತ್ತಾಗಿ ಬಾಳುವ ಒಂದು ಕೇರಿ. ಆ ಕೇರಿಯ ಒಂದು ಓಣಿಯನ್ನು ನಾನು ಮುರಿದಿದ್ದೆ. ಆ ರಾತ್ರಿ ಊಟ ಸೇರಲಿಲ್ಲ. ಮರುದಿನ ಬೆಳಿಗ್ಗೆ ಒಂದು ಗಂಟೆ ಬರೀ ಮರಳಿನ ಮೇಲೆ, ಹವಳದಿಂದ ದೂರ, ಉಸಿರಿನಲ್ಲೇ ಏರಿಳಿಯುವುದನ್ನು ಅಭ್ಯಾಸ ಮಾಡಿದೆ. ನಾನೇ ಕೇಳಿ ಮಾಡಿಸಿಕೊಂಡೆ.

ಹಾಗೆ ಮರಳಿನ ಮೇಲೆ ಇದ್ದದ್ದಕ್ಕೇ ಆ ಜೋಡಿ ಕಣ್ಣಿಗೆ ಬಿತ್ತು.

ಅವನು ನನ್ನ ತೋಳು ತಟ್ಟಿ ಕೆಳಗೆ ಬೆರಳು ತೋರಿಸಿದ. ಮರಳಿನಲ್ಲಿ ಒಂದು ತೂತು. ತೂತಿನ ಬಾಯಲ್ಲಿ ಬೆರಳುದ್ದದ ಒಂದು ಮೀನು, ಗೋಬಿ ಅಂತಾರೆ. ಎದೆಯ ರೆಕ್ಕೆ ಊರಿಕೊಂಡು ಮನೆ ಬಾಗಿಲಲ್ಲಿ ಕೂತ ಅಜ್ಜನ ಹಾಗೆ ಕೂತಿತ್ತು. ಉಸಿರು ಸಣ್ಣಗೆ ಮಾಡಿಕೊಂಡು ಕಾದೆವು. ಅರ್ಧ ನಿಮಿಷಕ್ಕೆ ತೂತಿನೊಳಗಿಂದ ಒಂದು ಸಿಗಡಿ ಹೊರಬಂತು. ಎರಡೂ ಕೈಯಲ್ಲಿ ಮರಳು ತಳ್ಳಿಕೊಂಡು, ಥೇಟ್ ಬುಲ್‌ಡೋಜರಿನ ಹಾಗೆ. ಹೊರಗೆ ಹಾಕಿತು, ಒಳಗೆ ಹೋಯಿತು. ಮತ್ತೆ ಒಂದು ಹೊರೆ. ಈ ಸಿಗಡಿಗೆ ಕಣ್ಣು ಹೆಚ್ಚುಕಮ್ಮಿ ಕಾಣುವುದಿಲ್ಲವಂತೆ. ಹೊರಗೆ ಬಂದಾಗಲೆಲ್ಲ ತನ್ನ ಉದ್ದದ ಒಂದು ಮೀಸೆಯನ್ನು ಮೀನಿನ ಮೈಗೆ ತಾಗಿಸಿಕೊಂಡೇ ಇತ್ತು. ಮನೆ ತೋಡುವುದು, ರಿಪೇರಿ ಮಾಡುವುದು ಸಿಗಡಿಯ ಕೆಲಸ. ಕಾವಲು ಮೀನಿನದ್ದು. ಬಾಡಿಗೆ ಇಲ್ಲ.

ನಾನು ಕೈ ಸ್ವಲ್ಪ ಮುಂದೆ ಮಾಡಿದೆ. ಮೀನು ಬಾಲವನ್ನು ಒಂದೇ ಸಲ ಅದುರಿಸಿತು. ಸಿಗಡಿ ಕಣ್ಣು ಮಿಟುಕಿಸುವಷ್ಟರಲ್ಲಿ ಒಳಗೆ. ಕೈ ಹಿಂದೆ ತೆಗೆದು ಕಾದರೆ ಮತ್ತೆ ಆ ಮೀಸೆ, ಮತ್ತೆ ಮರಳಿನ ಹೊರೆ. ಎಷ್ಟು ಹೊತ್ತು ನೋಡಿದೆನೋ. ಸಿಗಡಿಯನ್ನು ನಾವು ಸೇರು, ಪಾಲು ಲೆಕ್ಕದಲ್ಲಿ ಕೊಳ್ಳುತ್ತೇವೆ. ತಲೆ ಮುರಿದು, ಸಿಪ್ಪೆ ಸುಲಿದು, ಬೆನ್ನಿನ ನರ ತೆಗೆದು. ಒಂದು ಸಿಗಡಿಗೆ ಹೀಗೆ ನಂಬಿಕೆಯ ಗೆಳೆಯನೊಬ್ಬ ಇರಬಹುದು ಅಂತ ಯಾವತ್ತೂ ಅನಿಸಿರಲಿಲ್ಲ.

ಮೂರನೇ ದಿನ ಮಧ್ಯಾಹ್ನದಿಂದ ದೋಣಿ. ಲೈಟ್‌ಹೌಸ್ ಎಂಬ ಜಾಗ, ಎಲಿಫೆಂಟ್ ಬೀಚಿನ ಬಳಿ. ಇಲ್ಲಿ ಹವಳದ ದಿಬ್ಬ ದೊಡ್ಡದು. ದೋಣಿಯ ಅಂಚಿನಲ್ಲಿ ಕೂತು ಹಿಂದಕ್ಕೆ ಉರುಳಬೇಕು. ಉರುಳಿದೆ. ನೀರು ಬೆಚ್ಚಗಿತ್ತು, ಕಿವಿ ತೆರೆಯಿತು, ಕೆಳಗೆ ಊರೊಂದು ನಿಧಾನಕ್ಕೆ ಏರಿ ಬಂದಂತೆ ಕಂಡಿತು.

ಕಣ್ಣಿಗಿಂತ ಮೊದಲು ಸದ್ದು. ಯಾರೋ ಚಕ್ಕುಲಿ ಕಡಿಯುತ್ತಿರುವ ಹಾಗೆ ಕರುಂ ಕರುಂ. ಯಾವ ಕಡೆಯಿಂದ ಅಂತ ತಿಳಿಯಲಿಲ್ಲ. ನೀರಿನಲ್ಲಿ ಸದ್ದು ಗಾಳಿಗಿಂತ ನಾಲ್ಕು ಪಟ್ಟು ವೇಗವಾಗಿ ಓಡುತ್ತದೆ, ಎರಡೂ ಕಿವಿಗೆ ಒಟ್ಟಿಗೆ ತಲುಪಿದಂತಾಗಿ ದಿಕ್ಕು ಸಿಗುವುದಿಲ್ಲ. ನೋಡಿದರೆ ಗಿಳಿ ಮೀನುಗಳು. ಹಸಿರು, ನೀಲಿ, ಗುಲಾಬಿ. ಕೊಕ್ಕಿನಂಥ ಹಲ್ಲಿನಿಂದ ಹವಳದ ಕಲ್ಲನ್ನು ಕೆರೆದು ಪಾಚಿ ತಿನ್ನುತ್ತಿದ್ದವು. ಹೊಟ್ಟೆಗೆ ಹೋದ ಕಲ್ಲು ಪುಡಿಯಾಗಿ ಹಿಂದಿನಿಂದ ಬಿಳಿ ಮರಳಾಗಿ ಸುರಿಯುತ್ತದೆ. ನನ್ನ ಮುಂದೆಯೇ ಒಂದು ಸುರಿಸಿತು. ಎಷ್ಟೋ ಹವಳದ ದ್ವೀಪಗಳ ಬಿಳಿ ಮರಳಿನಲ್ಲಿ ಇವುಗಳ ಪಾಲು ದೊಡ್ಡದು.

ಹೂವಿನ ಹಾಗೆ ಕಾಣುವ ಅನಿಮೋನಿ ಎಂಬ ಕಡಲಜೀವಿಯೊಳಗೆ ಕಿತ್ತಳೆ ಬಣ್ಣದ ಕ್ಲೌನ್ ಮೀನಿನ ಸಂಸಾರ. ಫೋಟೋದಲ್ಲಿ ಎಲ್ಲರೂ ನೋಡಿರುತ್ತೀರಿ. ಫೋಟೋದಲ್ಲಿ ಗೊತ್ತಾಗದ್ದು ಅದರ ಧೈರ್ಯ. ಬೆರಳುದ್ದದ ಆ ಮೀನು ನನ್ನ ಮಾಸ್ಕಿನ ಗಾಜಿಗೆ ನುಗ್ಗಿ ಬಂತು, ಹಿಂದೆ ಸರಿಯಿತು, ಮತ್ತೆ ನುಗ್ಗಿತು. ಇದರಲ್ಲಿ ಹುಟ್ಟುವಾಗ ಎಲ್ಲವೂ ಗಂಡೇ. ಮನೆಯಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣಾಗುತ್ತದೆ. ಅವಳು ಸತ್ತರೆ ಅವಳ ಜೊತೆಗಾರ ಗಂಡೇ ಹೆಣ್ಣಾಗಿ ಮನೆ ನಡೆಸುತ್ತದೆ. ನನ್ನ ಮೇಲೆ ನುಗ್ಗಿದ್ದು ಎಲ್ಲಕ್ಕಿಂತ ದೊಡ್ಡ ಮೀನು. ಅಮ್ಮನೇ ಇರಬೇಕು.

ತುಸು ಮುಂದೆ ಒಂದು ಮುರು ಮೀನು ಹವಳದ ಪಕ್ಕ ಬಾಯಿ ಅಗಲಿಸಿ ಅಲುಗಾಡದೆ ನಿಂತಿತ್ತು. ನೀಲಿ-ಕಪ್ಪು ಪಟ್ಟೆಯ ಸಣ್ಣ ಮೀನೊಂದು ಅದರ ಬಾಯೊಳಗೆ ಹೋಗಿ ಕಿವಿರಿನಿಂದ ಹೊರಬಂತು. ಹಲ್ಲು, ಕೆನ್ನೆ, ಮೈಮೇಲಿನ ಹುಳ ಎಲ್ಲ ಹೆಕ್ಕಿ ತಿನ್ನುವ ಕೆಲಸ ಅದರದ್ದು. ಆಚೆ ಇನ್ನೆರಡು ಮೀನು ಸರದಿ ಕಾಯುತ್ತಿದ್ದವು. ಸಣ್ಣ ಮೀನನ್ನು ನುಂಗಿ ಬದುಕುವ ಮುರು, ಬಾಯೊಳಗೇ ಬಂದ ಮೀನನ್ನು ಮುಟ್ಟುವುದಿಲ್ಲ. ನೇತ್ರಾಣಿಯಲ್ಲಿ ನನ್ನನ್ನು ನೋಡಿದ ಕಣ್ಣು ನೆನಪಾಯಿತು.

ಚಪ್ಪರದಂತೆ ಹರಡಿದ ಹವಳದ ಕೆಳಗೆ ಒಂದು ತೊರಕೆ. ಮೈತುಂಬ ನೀಲಿ ಬೊಟ್ಟು. ನಮ್ಮಲ್ಲಿ ತೊರಕೆ ಬಲೆಗೆ ಬಿದ್ದರೆ ಮೊದಲು ಬಾಲ ಕತ್ತರಿಸುತ್ತಾರೆ, ಅದರಲ್ಲಿ ವಿಷದ ಮುಳ್ಳಿರುತ್ತದೆ. ಬಾಲ ಇರುವ ಇಡೀ ತೊರಕೆಯನ್ನು ನಾನು ಅಲ್ಲೇ ನೋಡಿದ್ದು. ಹತ್ತಿರ ಹೋಗಲಿಲ್ಲ. ಅದು ತನ್ನಷ್ಟಕ್ಕೆ ಎದ್ದು, ಸೆರಗು ಅಲೆಯಾಡಿದ ಹಾಗೆ ಮೈಯಂಚು ಅಲುಗಿಸುತ್ತಾ ಹೊರಟುಹೋಯಿತು.

ಆಮೇಲೆ ಕಪ್ಪೆ ಬೊಂಡಾಸ್.

ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಬೊಂಡಾಸ್ ಅಂದರೆ ಸ್ಕ್ವಿಡ್. ಅದರ ದಪ್ಪ ತಮ್ಮ ಈ ಕಪ್ಪೆ ಬೊಂಡಾಸ್, ಇಂಗ್ಲಿಷಿನಲ್ಲಿ ಕಟಲ್‌ಫಿಶ್. ನಮ್ಮ ಮನೆಯಲ್ಲಿ ಇದನ್ನು ಶುಚಿ ಮಾಡುವುದೆಂದರೆ ಬಚ್ಚಲಲ್ಲೇ. ಮಸಿ ಚೀಲ ಒಡೆದರೆ ಕೈ, ಕಲ್ಲು ಎಲ್ಲ ಕಪ್ಪು. ಸುಲಿದ ಮೇಲೆ ಹಾಲಿನ ಹಾಗೆ ಬಿಳಿ. ನನ್ನ ಮಟ್ಟಿಗೆ ಅದರ ಬಣ್ಣ ಬಿಳಿ, ಅಷ್ಟೇ.

ನೀರಿನಲ್ಲಿ ಅದು ಮೊದಲು ಕಾಣಿಸಲೇ ಇಲ್ಲ. ಅವನು ಬೆರಳು ತೋರಿಸಿದ ಕಡೆ ಕಂದು ಹವಳ ಮಾತ್ರ ಇತ್ತು. ನೋಡುತ್ತಾ ಇದ್ದಂತೆ ಆ ಹವಳದ ಒಂದು ತುಂಡು ಕಣ್ಣು ತೆರೆಯಿತು. ಕಣ್ಣಿನ ಪಾಪೆ ಗುಂಡಗಿರಲಿಲ್ಲ, ಅಲೆಯ ಗೆರೆಯಂತೆ ಬಾಗಿ ಬಾಗಿ ಇತ್ತು. ಮೈಮೇಲೆ ಹವಳದ ಹಾಗೇ ಗುಬುಟುಗಳು. ನಮ್ಮನ್ನು ನೋಡಿ ಎರಡು ತೋಳು ಮೇಲೆತ್ತಿತು. ಗುಬುಟುಗಳೆಲ್ಲ ಒಳಗೆ ಸರಿದು ಮೈ ನುಣುಪಾಯಿತು. ಕಂದು ಬಣ್ಣ ತಲೆಯಿಂದ ಹಿಂದಕ್ಕೆ ಸರಿದು ಬೂದಿಯಾಯಿತು. ಬೂದಿಯ ಮೇಲೆ ಬಿಳಿ ಪಟ್ಟೆ ಓಡಿದವು, ಮಳೆಗಾಲದಲ್ಲಿ ಗದ್ದೆಯ ಮೇಲೆ ಮೋಡದ ನೆರಳು ಓಡುವ ಹಾಗೆ. ನಾನು ಟಾರ್ಚ್ ಹಾಕಿದೆ. ಆ ಆಳದಲ್ಲಿ ಕೆಂಪು ಬಣ್ಣ ಕಣ್ಣಿಗೆ ಸಿಗುವುದಿಲ್ಲ, ನೀರು ಅದನ್ನು ಮೊದಲೇ ಕುಡಿದುಬಿಟ್ಟಿರುತ್ತದೆ. ಬೆಳಕು ಬಿದ್ದ ಕಡೆ ಮಾತ್ರ ಮೈ ಇಟ್ಟಿಗೆ ಕೆಂಪಾಗಿ ಹೊಳೆಯಿತು. ಇಷ್ಟೆಲ್ಲ ಬಣ್ಣ ಬದಲಿಸುವ ಈ ಜೀವಿಗೆ ಬಣ್ಣಗಳು ಕಾಣುವುದಿಲ್ಲವಂತೆ. ಹಾಗಂತ ಆಮೇಲೆ ಓದಿ ತಿಳಿದಾಗ ಇನ್ನೂ ಆಶ್ಚರ್ಯವಾಯಿತು.

ಅದು ನಿಂತ ರೀತಿ ನೋಡಿ ನಾನು ಬೆರಗಾದೆ. ಏರಲೂ ಇಲ್ಲ, ಇಳಿಯಲೂ ಇಲ್ಲ. ಅಂಚಿನ ರೆಕ್ಕೆ ಸಣ್ಣಗೆ ಅಲುಗುತ್ತಿತ್ತು, ಅಷ್ಟೇ. ಚಿಕ್ಕಂದಿನಲ್ಲಿ ಕಡಲ ದಂಡೆಯಲ್ಲಿ ಬಿಳಿ, ಹಗುರದ, ದೋಣಿಯಾಕಾರದ ಚಿಪ್ಪು ಹೆಕ್ಕುತ್ತಿದ್ದೆವು. ಉಗುರಿನಿಂದ ಗೀರಿದರೆ ಪುಡಿ ಉದುರುತ್ತದೆ. ಸಮುದ್ರದ ನೊರೆ ಅಂತ ಹೇಳುತ್ತಿದ್ದರು. ಗಿಳಿ ಸಾಕಿದವರು ಪಂಜರದಲ್ಲಿ ಕಟ್ಟುತ್ತಿದ್ದರು. ಅದು ಕಪ್ಪೆ ಬೊಂಡಾಸಿನ ಬೆನ್ನಿನೊಳಗಿನ ಎಲುಬು. ಅದರೊಳಗೆ ಸಣ್ಣ ಸಣ್ಣ ಕೋಣೆಗಳಿವೆ. ಕೋಣೆಗಳಲ್ಲಿ ನೀರೆಷ್ಟು, ಗಾಳಿಯೆಷ್ಟು ಅಂತ ಹೆಚ್ಚುಕಮ್ಮಿ ಮಾಡಿಕೊಂಡು ಅದು ನಡುನೀರಿನಲ್ಲಿ ನಿಲ್ಲುತ್ತದೆ. ನಾನು ಸೀಸದ ತೂಕ, ಜಾಕೆಟ್ಟು, ಮೂರು ದಿನದ ಅಭ್ಯಾಸ ಎಲ್ಲ ಹಾಕಿ ಕಲಿಯುತ್ತಿದ್ದ ಅದೇ ಕೆಲಸ. ಆ ಎಲುಬನ್ನು ಎಷ್ಟು ವರ್ಷ ಸ್ಲೇಟು ಒರೆಸಲು, ಆಟಕ್ಕೆ ಬಳಸಿದ್ದೆವು ನಾವು!

ಆ ದಿಬ್ಬದ ಆಚೆ ಬದಿಯಲ್ಲಿ ಬೇರೆಯೇ ನೋಟ. ಮುರಿದ ಹವಳದ ಕಡ್ಡಿಗಳ ರಾಶಿ, ಬೂದು ಬಣ್ಣ, ಮೇಲೆ ಪಾಚಿ. ಮೀನು ಒಂದೋ ಎರಡೋ. ನಾನು ಯಾವುದೋ ಬಿರುಗಾಳಿಯ ಕೆಲಸ ಅಂದುಕೊಂಡೆ. ದೋಣಿಯಲ್ಲಿ ಕೇಳಿದೆ. "ಬಿಸಿನೀರು, ದೀದಿ" ಅಂದ. ಹವಳದ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಇರುತ್ತದೆ. ಬಿಸಿಲಿನಿಂದ ಅನ್ನ ಬೇಯಿಸಿ ಹವಳಕ್ಕೆ ಉಣ್ಣಿಸುವುದು ಅದೇ. ಹವಳದ ಬಣ್ಣವೂ ಹೆಚ್ಚಾಗಿ ಅದರದ್ದೇ. ಬೇಸಿಗೆಯಲ್ಲಿ ನೀರು ಎಂದಿಗಿಂತ ಒಂದು ಡಿಗ್ರಿ ಜಾಸ್ತಿ ಬಿಸಿಯಾಗಿ ಕೆಲವು ವಾರ ಹಾಗೇ ಉಳಿದರೆ ಸಾಕು, ಹವಳ ಆ ಪಾಚಿಯನ್ನು ಹೊರಗೆ ಹಾಕಿ ಬೆಳ್ಳಗಾಗುತ್ತದೆ. ಬೇಗ ತಂಪಾದರೆ ಚೇತರಿಸಿಕೊಳ್ಳುತ್ತದೆ. ಇಲ್ಲದಿದ್ದರೆ ಹಸಿವಿನಿಂದ ಸಾಯುತ್ತದೆ. ಅಂಡಮಾನಿನಲ್ಲಿ 2010ರಲ್ಲಿ ಹೀಗೆ ದೊಡ್ಡ ಪ್ರಮಾಣದಲ್ಲಿ ಆಯಿತು, 2016ರಲ್ಲಿ ಮತ್ತೆ. 2010ರಲ್ಲಿ ಅವನಿನ್ನೂ ಚಿಕ್ಕ ಹುಡುಗ. ಮಾವನ ದೋಣಿಯಿಂದ ಕೆಳಗೆ ನೋಡಿದರೆ ಹಿಮ ಬಿದ್ದ ಹಾಗಿತ್ತು ಅಂದ. ಹಿಮವನ್ನು ಅವನು ಟಿವಿಯಲ್ಲಿ ಮಾತ್ರ ನೋಡಿದ್ದ.

ನನ್ನ ಫಿನ್ನು ಮುರಿದ ಆ ಟೊಂಗೆ ಮತ್ತೆ ಮನಸ್ಸಿಗೆ ಬಂತು. ಇಷ್ಟು ತಾಳಿಕೊಂಡು ಉಳಿದದ್ದನ್ನು ನಾವು ಒದೆಯಬಾರದು ಅಲ್ವಾ. ಹವಳ, ಕಡಲ ಸೌತೆ ಎಂಬ ಜೀವಿ, ದೊಡ್ಡ ಮರುವಾಯಿ ಚಿಪ್ಪು ಎಲ್ಲಕ್ಕೂ ನಮ್ಮ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ದಡದಲ್ಲಿ ಬಿದ್ದ ಸತ್ತ ಹವಳದ ಚೂರನ್ನೂ ಮನೆಗೆ ತರಬೇಡಿ. ವಿಮಾನ ನಿಲ್ದಾಣದಲ್ಲಿ ಬ್ಯಾಗು ತೆಗೆಸಿ ನೋಡುತ್ತಾರೆ.

ನಾಲ್ಕನೇ ದಿನ ಕೊನೆಯ ಡೈವ್. 18 ಮೀಟರ್ ಮುಟ್ಟಿದೆ. ಒಂದು ಆಮೆ ಬಂಡೆಯ ಸಂದಿಗೆ ಮೂತಿ ತೂರಿಸಿ ಸ್ಪಂಜು ಕಿತ್ತು ತಿನ್ನುತ್ತಿತ್ತು, ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಸಿಲಿಂಡರಿನಲ್ಲಿ ಗಾಳಿಯ ಒತ್ತಡ 70 ಬಾರ್‌ಗೆ ಇಳಿದಾಗ ಅವನು ಹೆಬ್ಬೆರಳು ಎತ್ತಿದ. ನಿಧಾನಕ್ಕೆ ಏರಿದೆವು. 5 ಮೀಟರ್ ಆಳದಲ್ಲಿ ಮೂರು ನಿಮಿಷ ನಿಲ್ಲಬೇಕು. ಆಳದಲ್ಲಿ ರಕ್ತಕ್ಕೆ ಸೇರಿದ ಸಾರಜನಕ ಮೆಲ್ಲಗೆ ಹೊರಹೋಗಲು ಆ ಹೊತ್ತು ಬೇಕು. ಸೇಫ್ಟಿ ಸ್ಟಾಪ್ ಅನ್ನುತ್ತಾರೆ. ದೋಣಿಯ ಹಗ್ಗದ ಪಕ್ಕ ನಿಂತೆವು. ಅಲ್ಲಿ ನೀರು ತುಸು ಮಬ್ಬು, ಹಸಿರು, ಕಣ್ಣೆದುರು ಧೂಳಿನಂಥ ಕಣಗಳು. ನೋಡಲು ಏನೂ ಇಲ್ಲ ಅಂದುಕೊಂಡು ವಾಚು ನೋಡುತ್ತಿದ್ದೆ.

ಬೆಳಕು ತುಂಡು ತುಂಡಾಯಿತು. ತಲೆ ಎತ್ತಿದೆ. ಮೀನಿನ ಒಂದು ದಂಡು ನಮ್ಮ ಕಡೆಯೇ ಬರುತ್ತಿತ್ತು, ನೂರಾರು. ಬೆನ್ನು ಹಸಿರು-ನೀಲಿ, ಹೊಟ್ಟೆ ಬೆಳ್ಳಿ. ಬೆನ್ನಿನ ಉದ್ದಕ್ಕೂ ಕಪ್ಪು ಚುಕ್ಕಿಯ ಸಾಲು. ಆ ಚುಕ್ಕಿ ನನಗೆ ಗೊತ್ತು. ಎಷ್ಟು ಸಾವಿರ ಸಲ ನೋಡಿಲ್ಲ ಆ ಚುಕ್ಕಿಯನ್ನು.

ಬಂಗುಡೆ.

ಮುಂದಿನ ಸಾಲಿನ ಮೀನು ಬಾಯಿ ತೆರೆಯಿತು. ಬುಟ್ಟಿಯಲ್ಲಿ ಬಂಗುಡೆಯ ಬಾಯಿ ಒಂದು ಗೆರೆಯಷ್ಟೇ. ಇಲ್ಲಿ ಅದು ಕೊಡೆ ಬಿಚ್ಚಿದಂತೆ ಬಿಚ್ಚಿಕೊಂಡಿತು. ದವಡೆ ಕೆಳಗಿಳಿಯಿತು, ಕಿವಿರಿನ ಮುಚ್ಚಳ ಎರಡೂ ಕಡೆ ಅಗಲವಾಯಿತು, ತಲೆಯೇ ಒಂದು ಬುಟ್ಟಿಯಾಯಿತು. ಅದರ ಹಿಂದಿನದು ತೆರೆಯಿತು, ಅದರ ಹಿಂದಿನದೂ. ಅಷ್ಟೂ ಮೀನು ಬಾಯಿ ತೆರೆದುಕೊಂಡು ಆ ಧೂಳಿನಂಥ ನೀರನ್ನು ಸೋಸುತ್ತಾ ನನ್ನ ಭುಜದ ಪಕ್ಕದಿಂದ ಹಾದುಹೋದವು. ಬಾಯೊಳಗೆ ಬಾಚಣಿಗೆಯಂಥ ಬಿಳಿ ಎಳೆಗಳು ಕಂಡವು. ನಾನು ಏನೂ ಇಲ್ಲ ಅಂದುಕೊಂಡ ಆ ಮಬ್ಬು ನೀರೇ ಅವುಗಳ ಊಟ. ಕಡಲಿನ ಸಣ್ಣಾತಿಸಣ್ಣ ಜೀವಗಳು. ತುಸು ದೂರ ಹೋಗಿ ಎಲ್ಲವೂ ಒಂದೇ ಸಲ ಬಾಯಿ ಮುಚ್ಚಿದವು, ಮತ್ತೆ ನನಗೆ ಗೊತ್ತಿದ್ದ ಬಂಗುಡೆಯಾದವು. ತಿರುಗಿ ಬಂದವು, ಮತ್ತೆ ತೆರೆದವು.

ಮೂರು ನಿಮಿಷ ಎಂದೋ ಮುಗಿದಿತ್ತು. ಅವನು ನನ್ನ ಮುಖ ನೋಡಿ ಹೆಬ್ಬೆರಳು ಎತ್ತದೆ ಕಾದ. ಮಾಸ್ಕಿನೊಳಗೆ ನೀರು ಬಂದಿತ್ತು. ಅದು ಕಡಲಿನದ್ದಲ್ಲ. ಮೂಗಿನಿಂದ ಉಸಿರು ಬಿಟ್ಟು ಖಾಲಿ ಮಾಡಿದೆ.

ದೋಣಿಗೆ ಹತ್ತಿದ ಮೇಲೆ ಅವನು ಕೇಳಿದ, "ಆಮೆ ಚೆನ್ನಾಗಿತ್ತಾ ದೀದಿ?" ಎಲ್ಲರೂ ಆಮೆಯನ್ನೇ ಹೇಳುತ್ತಾರಂತೆ. ನಾನು ಬಂಗುಡೆ ಅಂದೆ. ಅವನಿಗೆ ಆ ಹೆಸರು ಗೊತ್ತಿರಲಿಲ್ಲ. ಕೈಯನ್ನು ಬಾಯಿಯ ಹಾಗೆ ಅಗಲಿಸಿ ತೋರಿಸಿದೆ. ನಕ್ಕ. ಅವನ ಮನೆಯಲ್ಲೂ ಅದನ್ನೇ ಹುರಿಯುತ್ತಾರಂತೆ.

ಡೈವ್ ಆದ ಮೇಲೆ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು. ಹಾಗಾಗಿ ಇನ್ನೊಂದು ದಿನ ದಡದಲ್ಲಿ ಕೂತು, ಆಮೇಲೆ ಸೀದಾ ಊರಿಗೆ ಹೋದೆ.

ಮೀನಿನ ಅಕ್ಕನಿಗೆ ಈಗ ವಯಸ್ಸಾಗಿದೆ, ಅವರ ಸೊಸೆ ಸ್ಕೂಟರಿನಲ್ಲಿ ಪೆಟ್ಟಿಗೆ ಇಟ್ಟುಕೊಂಡು ಬರುತ್ತಾರೆ. ಅಮ್ಮ ಆ ದಿನ ಬಂಗುಡೆ ತೆಗೆದುಕೊಂಡಿದ್ದಳು. ಹಿತ್ತಲ ಕಲ್ಲಿನ ಮೇಲೆ ಶುಚಿ ಮಾಡುತ್ತಾ ನನ್ನ ಮಾತು ಕೇಳುತ್ತಿದ್ದಳು. ಆಮೆ, ತೊರಕೆ, ಕಪ್ಪೆ ಬೊಂಡಾಸ್ ಎಲ್ಲಕ್ಕೂ ಹೂಂ ಅಂದಳು. ಬಂಗುಡೆಯ ಬಾಯಿ ವಿಷಯಕ್ಕೆ ಬಂದಾಗ ಕತ್ತಿ ನಿಂತಿತು.

"ಬಂಗ್ಡಿ ಬಾಯಿ ಅಷ್ಟ್ ದೊಡ್ಡ ಆತ್ತಾ?"

ನಾನು ಅವಳ ಕೈಯಲ್ಲಿದ್ದ ಕಿವಿರನ್ನು ತೆಗೆದುಕೊಂಡೆ. ದಿನಾ ಕಿತ್ತು ಬೆಕ್ಕಿಗೆ ಎಸೆಯುವ ಅದೇ ಕಿವಿರು. ನಲ್ಲಿ ನೀರು ಸಣ್ಣಗೆ ಬಿಟ್ಟು ಅಂಗೈ ಮೇಲೆ ಹರಡಿದೆ. ರಕ್ತ ತೊಳೆದು ಹೋಯಿತು. ಕೆಂಪು ಭಾಗದ ಒಳಬದಿಯಲ್ಲಿ ಉದ್ದುದ್ದ ಎಳೆಗಳು, ಹಕ್ಕಿಯ ಗರಿಯ ಹಾಗೆ, ಒಂದರ ಪಕ್ಕ ಒಂದು, ನೀರು ಹರಿದಂತೆಲ್ಲ ಬಿಚ್ಚಿಕೊಂಡವು. ಅಮ್ಮ ಕನ್ನಡಕ ಸರಿಮಾಡಿಕೊಂಡು ಬಗ್ಗಿದಳು.

"ಇಷ್ಟ್ ವರ್ಷ ಇದನ್ನ ಬೆಕ್ಕಿಗೆ ಹಾಕ್ತಿದ್ದೆ ಅಲ್ದಾ" ಅಂದಳು.

ಬೆಕ್ಕು ಕಾಲಿಗೆ ಮೈ ಉಜ್ಜುತ್ತಾ ಕೂಗುತ್ತಿತ್ತು. ಅಮ್ಮ ಇನ್ನೊಂದು ಬಂಗುಡೆ ಎತ್ತಿಕೊಂಡಳು. ಎರಡು ಬೆರಳಿನಿಂದ ಅದರ ಬಾಯಿ ಅಗಲಿಸಿ, ಬೆಳಕಿಗೆ ಹಿಡಿದು, ಒಳಗೆ ನೋಡಿದಳು.